ಗೋರಿಗುಡ್ಡದ ಸಿಗ್ನಲ್ಲು

ಚಿಪಾಂಡೆಯಲ್ಲಿ ಫೋನಿಗೆ ಜೀವ ಬರುವುದು ಒಂದೇ ಜಾಗದಲ್ಲಿ, ಸತ್ತವರ ಗುಡ್ಡದ ಮೇಲೆ.

ಊರೊಳಗೆ ಎಲ್ಲಿ ನಿಂತರೂ ಸಿಗ್ನಲ್ಲಿಲ್ಲ. ಕೈಪಂಪಿನ ಹತ್ತಿರ ಇಲ್ಲ, ಚರ್ಚಿನ ಹಿಂದೆ ಇಲ್ಲ, ಶಿರೆ ಹೊಳೆಯ ದಂಡೆಯಲ್ಲಂತೂ ಕೇಳುವುದೇ ಬೇಡ. ಗೋರಿಗುಡ್ಡ ಹತ್ತಿ, ಮೊದಲ ಮರದ ಬುಡದಲ್ಲಿ ನಿಂತು, ಹೊಳೆಯ ಕಡೆ ಮುಖ ಮಾಡಿದರೆ ಮಾತ್ರ ಪರದೆಯ ಮೂಲೆಯಲ್ಲಿ ಗೆರೆ ಮೂಡುತ್ತದೆ. ಆ ಗುಡ್ಡಕ್ಕೆ ಹೆಣವಿಲ್ಲದೆ ಯಾರೂ ಹೋಗುವಂತಿಲ್ಲ. ಹೋದವರು ಮಾಟ ಮಾಡುವವರು ಎಂದೇ ಲೆಕ್ಕ. ಹಾಗೆ ಹೆಸರು ಬಿದ್ದ ಮುದುಕಿಯೊಬ್ಬಳ ಗುಡಿಸಲಿಗೆ ಬೆಂಕಿ ಇಟ್ಟದ್ದನ್ನು ಎನೆಲೇಸಿ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಳು.

ಬಸುರಿಯರಿಗಾಗಿ ತಾಯಿ ಫೋನು ಎಂಬ ಯೋಜನೆ ತಂದವರು ಇದನ್ನೆಲ್ಲ ಕೇಳಲಿಲ್ಲ. ಜೀಪಿನಲ್ಲಿ ಬಂದರು. ಮುಖಂಡನ ಅಂಗಳದ ಮಾವಿನ ಮರದ ಕೆಳಗೆ ಹೆಂಗಸರನ್ನು ಸಾಲಾಗಿ ಕೂರಿಸಿದರು. ಓದು ಬರೆಹ ಯಾರಿಗೆ ಬರುತ್ತದೆ ಎಂದರು. ಎನೆಲೇಸಿ ಕೈ ಎತ್ತಿದಳು. ಗಂಡ ಇದ್ದಾನಾ ಎಂದರು. ಸತ್ತಿದ್ದಾನೆ ಎಂದಳು. ಒಳ್ಳೆಯದಾಯಿತು, ತಡೆಯುವವರು ಇಲ್ಲ ಎಂದು ಅವಳ ಕೈಗೆ ಫೋನು ಇಟ್ಟರು. ಒಂದು ನೀಲಿ ಅಂಗಿ ಕೊಟ್ಟರು. ಸಂಬಳದ ಮಾತು ಬಂದಾಗ ಇದು ಸೇವೆ ಎಂದರು. ಅವರು ಯಾರೂ ಸೇವೆ ಮಾಡುವವರಲ್ಲ, ಸಂಬಳದವರೇ. ಅದನ್ನು ಕೇಳುವ ಬಾಯಿ ಅವತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಊರಿನ ಒಬ್ಬೊಬ್ಬ ಬಸುರಿಯ ಹೆಸರನ್ನೂ ಫೋನಿಗೆ ಹಾಕಬೇಕು. ಹೆರಿಗೆ ನೋವು ಬಂದರೆ ಸುದ್ದಿ ಕಳಿಸಬೇಕು. ಆಸ್ಪತ್ರೆಯಿಂದ ಗಾಡಿ ಬರುತ್ತದೆ. ಕೆಲಸ ಇಷ್ಟೇ ಎಂದರು. ಎನೆಲೇಸಿ ಬೆಳಗಾದರೆ ಹತ್ತಿ ಹೊಲದ ಕಳೆಗೆ ಹೋಗುವವಳು. ಬಗ್ಗಿದ ಸೊಂಟ ನೆಟ್ಟಗಾಗುವ ಮೊದಲೇ ಮನೆ ಮನೆ ತಿರುಗಿ ಹೆಸರು ಕೇಳಿ, ಮತ್ತೆ ಗುಡ್ಡ ಹತ್ತಬೇಕಾಯಿತು. ಆದರೂ ಹತ್ತಿದಳು. ಅವಳ ತಂಗಿ ಹೆರುವಾಗ ಸತ್ತಿದ್ದಳು. ಆ ತಂಗಿಯ ಮಗಳು ತಿಸುಂಗಾನೆಯನ್ನು ಎನೆಲೇಸಿಯೇ ಎದೆಗವಚಿಕೊಂಡು ಬೆಳೆಸಿದ್ದಳು. ಫೋನು ಆವತ್ತೇ ಇದ್ದಿದ್ದರೆ ತಂಗಿ ಉಳಿಯುತ್ತಿದ್ದಳು ಎಂದು ಅವಳು ನಂಬಿದ್ದಳು. ನಂಬಿದ್ದು ತಪ್ಪು ಎಂದು ನಾನು ಹೇಳಲಾರೆ. ಬಡವರು ಯಾವುದನ್ನಾದರೂ ನಂಬಲೇಬೇಕು.

ಗುಡ್ಡ ಹತ್ತುವ ಮೊದಲು ಗುಂಡಿ ತೋಡುವವರ ಒಪ್ಪಿಗೆ ಬೇಕಿತ್ತು. ಅಲ್ಲಿ ಅವರನ್ನು ಮೊಮ್ಮಕ್ಕಳು ಎನ್ನುತ್ತಾರೆ. ವಯಸ್ಸು ಎಷ್ಟೇ ಇರಲಿ, ಸತ್ತವರಿಗೆ ಗುಂಡಿ ತೋಡುವವನು ಊರಿನ ಮೊಮ್ಮಗ. ಗುಡ್ಡ ಅವರದು. ಸಾವಿನ ಮನೆಯಲ್ಲಿ ಕೋಳಿ ಕೇಳುವ ಹಕ್ಕೂ ಅವರದು, ಅಳುವವರನ್ನು ಗೇಲಿ ಮಾಡುವ ಹಕ್ಕೂ ಅವರದು. ಅವರಿಗೆಲ್ಲ ಹಿರಿಯ ಬಿಲಿಯಾತಿ. ಬೊಚ್ಚು ಬಾಯಿ, ಗುದ್ದಲಿಯ ಕಾವಿನಷ್ಟೇ ಗಟ್ಟಿಯಾದ ಕೈ.

ಎನೆಲೇಸಿ ಅವನ ಅಂಗಳದಲ್ಲಿ ಮಂಡಿಯೂರಿ ಕೂತಾಗ ಅವನು ಮೆಲ್ಲಗೆ ನಕ್ಕ.

"ಏನವ್ವ, ಇನ್ನೂ ಗಟ್ಟಿಮುಟ್ಟಾಗಿದ್ದೀಯ. ಇಷ್ಟು ಬೇಗ ಜಾಗ ನೋಡೋಕೆ ಬಂದ್ಯಾ?"

"ಜಾಗ ಅಲ್ಲಣ್ಣ, ಸಿಗ್ನಲ್ಲು."

"ನಮ್ಮ ಹತ್ರ ಗುಂಡಿ ಇದೆ. ಉದ್ದ ಅಗಲ ಹೇಳು, ತೋಡಿಕೊಡ್ತೀವಿ. ಸಿಗ್ನಲ್ಲು ಎಷ್ಟು ಆಳದಲ್ಲಿರುತ್ತೆ?"

ಉಳಿದವರೂ ನಕ್ಕರು. ಎನೆಲೇಸಿ ನಗಲಿಲ್ಲ. ತಂಗಿಯ ಹೆಸರು ಹೇಳಿದಳು. ಅವಳ ಗುಂಡಿ ತೋಡಿದವನೂ ಬಿಲಿಯಾತಿಯೇ. ಅವನ ನಗು ನಿಂತಿತು. ನೆಲ ನೋಡಿದ.

"ಚಪ್ಪಲಿ ಹಾಕ್ಬೇಡ. ತಲೆ ಮೇಲೆ ಬಟ್ಟೆ ಇರ್ಲಿ. ಮೊದಲ ಮರ ದಾಟ್ಬೇಡ. ಹೋಗೋವಾಗ ಕೆಮ್ಮು, ಒಳಗಿರೋರಿಗೆ ಗೊತ್ತಾಗ್ಲಿ. ಊರಲ್ಲಿ ಸಾವಾದ ದಿನ ಮಾತ್ರ ಹತ್ಬೇಡ. ಅವತ್ತು ಹೆಣ ಮೇಲೆ ಬರೋವರೆಗೂ ಗುಡ್ಡದಲ್ಲಿ ನಾವು ಬಿಟ್ರೆ ಯಾರೂ ಇರೋ ಹಾಗಿಲ್ಲ. ಅದು ನಾನು ಮಾಡಿದ್ದಲ್ಲ. ನನ್ನ ಅಜ್ಜನೂ ಮಾಡಿದ್ದಲ್ಲ."

ಊರು ಮೊದಮೊದಲು ಪಿಸುಗುಟ್ಟಿತು. ಆಮೇಲೆ ಒಂದು ಹೆರಿಗೆಗೆ ನಿಜವಾಗಿ ಗಾಡಿ ಬಂತು. ಬಿಳಿ ಬಣ್ಣದ್ದು, ಮೇಲೆ ಕೆಂಪು ದೀಪ. ಪಿಸುಮಾತು ನಿಂತಿತು. ಇನ್ನೊಂದು ಸಲವೂ ಬಂತು. ತಾಯಿ ಫೋನಿನವರು ಬಂದು ಫೋಟೊ ತೆಗೆದರು. ಎನೆಲೇಸಿ ನೀಲಿ ಅಂಗಿ ಹಾಕಿಕೊಂಡು, ಫೋನನ್ನು ಕಿವಿಗಿಟ್ಟುಕೊಂಡು ನಿಂತಳು. ಎಲ್ಲಿ ನಿಂತು ತೆಗೆದರು ಗೊತ್ತೆ? ಮುಖಂಡನ ಅಂಗಳದಲ್ಲಿ, ಸಿಗ್ನಲ್ಲೇ ಇಲ್ಲದ ಕಡೆ.

ಅದಾದ ಮೇಲೆ ಹೊಸ ಕಟ್ಟಳೆ ಬಂತು. ಮುಂಚೆ ಬಸುರಿಯನ್ನು ಸೈಕಲ್ಲಿಗೆ ಕಟ್ಟಿದ ಮಂಚದ ಮೇಲೆ ಮಲಗಿಸಿ ಡಾಂಬರು ರಸ್ತೆಗೆ ತಳ್ಳಿಕೊಂಡು ಹೋಗುತ್ತಿದ್ದರು. ಅಲ್ಲಿಂದ ಯಾವುದಾದರೂ ಲಾರಿ ಸಿಗುತ್ತಿತ್ತು. ಬೆವರು ಸುರಿಯುತ್ತಿತ್ತು, ಮರಳಿನಲ್ಲಿ ಚಕ್ರ ಹೂತುಹೋಗುತ್ತಿತ್ತು, ಆದರೂ ಎಷ್ಟೋ ಜನ ಹಾಗೆ ಹೋಗಿಯೇ ಹೆತ್ತು ಬಂದಿದ್ದರು. ಅದು ಅಪಾಯ ಎಂದರು ತಾಯಿ ಫೋನಿನವರು. ಊರಿನಲ್ಲಿದ್ದ ಸೈಕಲ್ ಮಂಚಗಳನ್ನು ಬಿಚ್ಚಿ ಜೀಪಿನ ಮೇಲೆ ಹೇರಿಕೊಂಡು ಹೋದರು. ಇನ್ನು ಮೇಲೆ ಗಾಡಿಗೆ ಕಾಯದೆ ಬಸುರಿಯನ್ನು ಹೊರಡಿಸಿದ ಮನೆಗೆ ಒಂದು ಆಡು ದಂಡ ಎಂದು ಮುಖಂಡ ಸಾರಿದ. ಸಾರುವಾಗ ಅವನ ಮೈಮೇಲೂ ಒಂದು ನೀಲಿ ಅಂಗಿ ಇತ್ತು.

ತಿಸುಂಗಾನೆಗೆ ನೋವು ಬಂದ ದಿನ ಊರಿನಲ್ಲಿ ಸಾವಾಗಿತ್ತು. ಮುದುಕ ಸಂಡ್ರಾಮು ಹಿಂದಿನ ದಿನ ತೀರಿಕೊಂಡಿದ್ದ. ಹೆಂಗಸರೆಲ್ಲ ಅವನ ಮನೆಯಲ್ಲಿ ನೆಲದ ಮೇಲೆ ಕೂತಿದ್ದರು. ಎನೆಲೇಸಿ ದೊಡ್ಡ ಪಾತ್ರೆಯಲ್ಲಿ ನ್ಸಿಮಾ ತಿರುವುತ್ತಿದ್ದಳು. ಮೆಕ್ಕೆಜೋಳದ ಹಿಟ್ಟಿನ ಆ ಮುದ್ದೆಯನ್ನು ಇಡೀ ಊರಿಗೆ ಸಾಲುವಷ್ಟು ತಿರುವುವುದೆಂದರೆ ರಟ್ಟೆ ಬಿದ್ದುಹೋಗುತ್ತದೆ. ಪಕ್ಕದ ಮನೆಯ ಲಿಗಿನೇಟಿ ಬಂದು ಕಿವಿಯಲ್ಲಿ ಹೇಳಿದಳು.

"ಅಕ್ಕ, ಕೋಲು ಬಿಡು. ನಿನ್ನ ಮಗಳಿಗೆ ಶುರುವಾಗಿದೆ. ನೀರಲ್ಲ, ರಕ್ತ."

ಎನೆಲೇಸಿ ಹೋಗಿ ನೋಡಿದಳು. ತಿಸುಂಗಾನೆ ಚಾಪೆಯ ಮೇಲೆ ಮಂಡಿ ಮಡಚಿ ಮಲಗಿದ್ದಳು. ಸೊಂಟಕ್ಕೆ ಸುತ್ತಿ ಉಟ್ಟಿದ್ದ ಚಿತೆಂಜೆ ಬಟ್ಟೆ ತೊಡೆಯ ಹತ್ತಿರ ಕಪ್ಪಾಗಿ ಒದ್ದೆಯಾಗಿತ್ತು. ಹುಡುಗಿಗೆ ಮೊದಲ ಬಸಿರು. ಗಂಡ ಲಾಕ್ಸೋನಿ ಕಬ್ಬು ಕಡಿಯಲು ದೂರದ ತೋಟಕ್ಕೆ ಹೋಗಿದ್ದ.

"ಅವ್ವ, ಇದು ಹೀಗೇ ಇರುತ್ತಾ?" ಎಂದಳು ತಿಸುಂಗಾನೆ.

"ಹೀಗೇ ಇರುತ್ತೆ ಮಗ. ಗಾಡಿ ಕರೀತೀನಿ."

ಸುಳ್ಳು ಹೇಳಿದಳು. ಹೀಗಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ತಂಗಿಗೂ ಹೀಗೇ ಆಗಿತ್ತು.

ಅವಳು ಓಡಿದಳು. ಗುಡ್ಡದ ಬುಡಕ್ಕೆ ಬಂದಾಗ ಮೇಲಿನಿಂದ ಗುದ್ದಲಿಯ ಸದ್ದು ಕೇಳಿಸಿತು. ಸಂಡ್ರಾಮುವಿನ ಗುಂಡಿ ತೋಡುತ್ತಿದ್ದರು. ಹೆಣ ಇನ್ನೂ ಮನೆಯಲ್ಲೇ ಇತ್ತು. ಹಿಂದಿನ ಸಲ ಈ ಕಟ್ಟಳೆ ಮುರಿದವರು ಯಾರೆಂದು ಅವಳಿಗೆ ನೆನಪಾಗಲಿಲ್ಲ, ಯಾಕೆಂದರೆ ಯಾರೂ ಮುರಿದಿರಲಿಲ್ಲ. ಕೆಮ್ಮಿದಳು. ಗುದ್ದಲಿ ನಿಲ್ಲಲಿಲ್ಲ. ಕೂಗಿದಳು. ನಿಂತಿತು.

"ಯಾರದು? ಹೆಣ ತಂದ್ರಾ ಇಷ್ಟು ಬೇಗ?"

"ಹೆಣ ಅಲ್ಲಣ್ಣ. ನಾನು ಎನೆಲೇಸಿ."

ಮರಗಳ ನಡುವೆ ಒಂದಷ್ಟು ಮುಖಗಳು ಕಂಡವು. ಒಬ್ಬ ಗುದ್ದಲಿ ತೋರಿಸಿ ಹಿಂದೆ ಹೋಗು ಎಂದ. ಬಿಲಿಯಾತಿ ಎದೆಮಟ್ಟದ ಗುಂಡಿಯೊಳಗೆ ನಿಂತಿದ್ದ. ಮೈಯೆಲ್ಲ ಕೆಮ್ಮಣ್ಣು.

"ಇವತ್ತು ಆಗಲ್ಲವ್ವ. ನಿಂಗೇ ಗೊತ್ತು."

"ನನ್ನ ತಂಗಿ ಮಗಳಿಗೆ ರಕ್ತ ಹೋಗ್ತಿದೆ. ಮಗು ಹೊರಗೆ ಬಂದಿಲ್ಲ. ನೀನು ಬೇಡ ಅಂದ್ರೆ ಹೋಗ್ತೀನಿ. ನಾಳೆ ಅವಳಿಗೂ ಗುಂಡಿ ತೋಡೋನು ನೀನೇ."

ಅದನ್ನು ಹೇಗೆ ಹೇಳಿದಳೋ ಅವಳಿಗೇ ತಿಳಿಯದು. ಬಿಲಿಯಾತಿ ಗುಂಡಿಯಿಂದ ಹತ್ತಿ ಮೇಲೆ ಬಂದ. ಗುದ್ದಲಿಯನ್ನು ಬಾಯಿ ಕೆಳಗೆ ಮಾಡಿ ನೆಲಕ್ಕಿಟ್ಟ. ಉಳಿದವರಿಗೂ ಹಾಗೇ ಇಡಲು ಹೇಳಿದ. ಒಬ್ಬನು ಗೊಣಗಿದ. ಬಿಲಿಯಾತಿ ಅವನನ್ನು ದುರುಗುಟ್ಟಿ ನೋಡಿದ. ಎಲ್ಲರನ್ನೂ ಗುಂಡಿಯ ಆಚೆ ದಡದಲ್ಲಿ, ಮರದ ಕಡೆಗೆ ಬೆನ್ನು ಮಾಡಿ ಕೂರಿಸಿದ. ತಾನೂ ಬೆನ್ನು ತಿರುಗಿಸಿ ಕೂತ.

"ಇಲ್ಲಿ ಯಾರೂ ನಿನ್ನ ನೋಡಿಲ್ಲ. ಬಾ," ಎಂದ.

ಸತ್ತವರ ದಾರಿಯನ್ನು ಹುಟ್ಟುವವರಿಗಾಗಿ ಬಿಟ್ಟುಕೊಟ್ಟ ಆ ಗಂಡಸರನ್ನು ಆಮೇಲೆ ಯಾರು ಏನೆಂದು ಕರೆದರು ಎಂಬುದನ್ನು ಮುಂದೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ.

ಎನೆಲೇಸಿ ಮರದ ಬುಡದಲ್ಲಿ ನಿಂತಳು. ಗೆರೆ ಮೂಡಿತು. ತಿಸುಂಗಾನೆಯ ಹೆಸರು ಒತ್ತಿದಳು. ರಕ್ತದ ಹನಿಯ ಚಿತ್ರ ಒತ್ತಿದಳು. ಕಳಿಸಿದಳು. ಬೆರಳು ಪರದೆಯಿಂದ ಎತ್ತುವ ಮೊದಲೇ ಉತ್ತರ ಬಂತು. ಸಂದೇಶ ತಲುಪಿದೆ. ವಾಹನ ಹೊರಟಿದೆ. ತಾಯಿಯನ್ನು ಅಲುಗಾಡಿಸಬೇಡಿ, ಕಾಯಿರಿ.

"ಏನಂತೆ?" ಬಿಲಿಯಾತಿ ಬೆನ್ನು ತಿರುಗಿಸಿದಂತೆಯೇ ಕೇಳಿದ.

"ಗಾಡಿ ಹೊರಟಿದೆಯಂತೆ."

ಅಷ್ಟೂ ಜನ ಕೂತಲ್ಲೇ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅಲ್ಲಿ ಕೃತಜ್ಞತೆ ಹೇಳುವುದು ಹಾಗೆ. ಯಾರಿಗೆ ಹೇಳಿದರೋ.

ಕಾದರು. ತಿಸುಂಗಾನೆಯ ಕೆಳಗೆ ಒಂದು ಚಿತೆಂಜೆ ಹಾಸಿ, ಅದು ನೆನೆದ ಮೇಲೆ ತೆಗೆದು, ಇನ್ನೊಂದು ಹಾಸಿ, ಎನೆಲೇಸಿ ಕಾದಳು. ನೆನೆದದ್ದನ್ನು ಹಿಂಡಿದಾಗ ಮಣ್ಣಿನ ನೆಲ ಕುಡಿಯುತ್ತಿತ್ತು. ಹೆಂಗಸರು ಸಾವಿನ ಮನೆಯಿಂದ ಒಬ್ಬೊಬ್ಬರೇ ಎದ್ದು ಬಂದರು. ಉಟ್ಟದ್ದರ ಮೇಲೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ ಕೊಟ್ಟರು. ಹೊರಗೆ ಬಿಸಿಲು ಏರಿತು. ರಸ್ತೆಯ ಕಡೆ ಕಿವಿ ಕೊಟ್ಟು ಕೂತವರು ಜೀರುಂಡೆಯ ಸದ್ದನ್ನೂ ಗಾಡಿ ಅಂದುಕೊಂಡು ಎದ್ದು ನಿಂತರು.

ಲಿಗಿನೇಟಿಗೆ ತಡೆಯಲಾಗಲಿಲ್ಲ. "ಅಕ್ಕ, ಎತ್ಕೊಂಡು ಹೊರಡೋಣ. ದಂಡ ಆದ್ರೆ ಆಗ್ಲಿ. ನನ್ನ ಆಡು ಕೊಡ್ತೀನಿ."

"ಅಲುಗಾಡಿಸಬೇಡಿ ಅಂದಿದೆ. ಈಗ ಬಂದ್ಬಿಡುತ್ತೆ."

"ಅಂದಿದೆ ಅಂದ್ರೆ ಯಾರು ಅಂದಿದ್ದು?"

"ಆಸ್ಪತ್ರೆಯೋರು."

ತಿಸುಂಗಾನೆ ತಣ್ಣಗಾದ ಕೈಯಲ್ಲಿ ಎನೆಲೇಸಿಯ ಮೊಣಕೈ ಹಿಡಿದಿದ್ದಳು. "ಅವ್ವ, ಗಾಡಿ ಬಂತಾ?" ಎಂದಳು. ಮತ್ತೆ ಎಂದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಗಾಡಿ ಬಂದರೆ ತಾನು ಮುಂದಿನ ಸೀಟಿನಲ್ಲಿ ಕೂರುತ್ತೇನೆ, ಅಲ್ಲಿಂದ ರಸ್ತೆ ಕಾಣುತ್ತದೆ ಎಂದು ಏನೋ ಬಡಬಡಿಸಿದಳು.

ಎನೆಲೇಸಿ ಮತ್ತೆ ಗುಡ್ಡಕ್ಕೆ ಓಡಿದಳು. ಮೊಮ್ಮಕ್ಕಳು ಮತ್ತೆ ಬೆನ್ನು ತಿರುಗಿಸಿದರು. ಮತ್ತೆ ಅದೇ ಉತ್ತರ ಬಂತು. ಸಂದೇಶ ತಲುಪಿದೆ, ವಾಹನ ಹೊರಟಿದೆ. ಅವಳು ಕೆಳಗಿಳಿಯಲಿಲ್ಲ. ಅಲ್ಲೇ ನಿಂತು ಪರದೆಯನ್ನು ನೋಡಿದಳು. ಏನೋ ಹೊಳೆಯಿತು. ಈ ಸಲ ಹೆಸರು ಹಾಕಲಿಲ್ಲ, ಚಿತ್ರ ಒತ್ತಲಿಲ್ಲ. ಏನೂ ಇಲ್ಲದ ಖಾಲಿ ಸಂದೇಶ ಕಳಿಸಿದಳು. ಅದಕ್ಕೂ ಅಷ್ಟೇ ಬೇಗ ಉತ್ತರ ಬಂತು.

ಸಂದೇಶ ತಲುಪಿದೆ. ವಾಹನ ಹೊರಟಿದೆ. ತಾಯಿಯನ್ನು ಅಲುಗಾಡಿಸಬೇಡಿ, ಕಾಯಿರಿ.

ಆ ಕಡೆ ಯಾರೂ ಇರಲಿಲ್ಲ. ಅವತ್ತು ಮೊದಲ ಸಲ ಕಳಿಸಿದಾಗಲೂ ಇರಲಿಲ್ಲ. ಎನೆಲೇಸಿ ಮರದ ಬುಡದಲ್ಲೇ ಕೂತುಬಿಟ್ಟಳು. ಬಿಲಿಯಾತಿ ತಿರುಗಿ ನೋಡಿದ. ನೋಡಬಾರದು ಎಂಬುದನ್ನು ಮರೆತು ಹತ್ತಿರ ಬಂದ.

"ಗಾಡಿ ಇಲ್ಲಣ್ಣ. ಈ ಹಾಳು ಯಂತ್ರ ತನ್ನಷ್ಟಕ್ಕೆ ತಾನೇ ಹೇಳ್ತಿದೆ."

ಬಿಲಿಯಾತಿ ಒಂದು ಕ್ಷಣವೂ ಯೋಚಿಸಲಿಲ್ಲ. ಗುಂಡಿಯ ಪಕ್ಕದಲ್ಲಿ ಬಿದಿರಿನ ಚಟ್ಟವಿತ್ತು. ಸಂಡ್ರಾಮುವನ್ನು ಹೊತ್ತು ತರಲು ಬೆಳಿಗ್ಗೆ ಕಟ್ಟಿದ್ದು. ಊರಿನಲ್ಲಿ ಮನುಷ್ಯರನ್ನು ಹೊರುವ ವಸ್ತು ಎಂದು ಉಳಿದಿದ್ದು ಅದೊಂದೇ. ಅದನ್ನು ಹೆಗಲಿಗೇರಿಸಿಕೊಂಡು ಇಳಿದ. ಉಳಿದವರು ಹಿಂದೆ ಇಳಿದರು.

ಹೆಂಗಸರು ಚಟ್ಟವನ್ನು ನೋಡಿ ಬಾಗಿಲಿಗೆ ಅಡ್ಡ ನಿಂತರು. ಉಸಿರಿರುವವಳನ್ನು ಅದರ ಮೇಲೆ ಹೇಗೆ ಮಲಗಿಸುವುದು?

"ನನ್ನನ್ನ ಬೈರಿ, ಆಮೇಲೆ ಬೈರಿ," ಎಂದ ಬಿಲಿಯಾತಿ. "ಈಗ ದಾರಿ ಬಿಡಿ."

ಚಟ್ಟದ ಮೇಲೆ ಚಿತೆಂಜೆ ಹಾಸಿದರು, ಬಿದಿರು ಕಾಣದ ಹಾಗೆ. ತಿಸುಂಗಾನೆಯನ್ನು ಮಲಗಿಸಿದರು. ಓಡಿದರು. ಅದುವರೆಗೆ ಆ ಗಂಡಸರು ಚಟ್ಟ ಹೊತ್ತು ಓಡಿದವರಲ್ಲ. ಹೆಣಕ್ಕೆ ಅವಸರವಿಲ್ಲ. ಮರಳು ಕಾದಿತ್ತು. ಕಾಲು ಹೂತುಹೋಗುತ್ತಿತ್ತು. ಒಬ್ಬನ ಹೆಗಲು ಸೋತರೆ ಇನ್ನೊಬ್ಬ ಓಡುತ್ತಲೇ ಕೆಳಗೆ ನುಗ್ಗಿ ಹೆಗಲು ಕೊಡುತ್ತಿದ್ದ. ಎನೆಲೇಸಿ ಪಕ್ಕದಲ್ಲಿ ಓಡುತ್ತಾ ಹುಡುಗಿಯ ಕೈ ಹಿಡಿದಿದ್ದಳು. ಬಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಅದು ಬಿದ್ದಲ್ಲೆಲ್ಲ ನೊಣ ಕೂರುತ್ತಿತ್ತು.

ಡಾಂಬರು ರಸ್ತೆ ಕಾಣುವ ದಿಬ್ಬದ ಹತ್ತಿರ ಕೈ ಸಡಿಲವಾಯಿತು. ಎನೆಲೇಸಿ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರು ಓಡುವುದನ್ನು ನಿಲ್ಲಿಸುತ್ತಾರೆ. ಅವಳಿಗೆ ಅವರು ಇನ್ನೂ ಸ್ವಲ್ಪ ದೂರ ಓಡಬೇಕಿತ್ತು.

ರಸ್ತೆಯ ಅಂಚಿಗೆ ಇಳಿಸಿದಾಗ ಆಸ್ಪತ್ರೆಯ ಗಾಡಿ ಪೇಟೆಯ ಕಡೆಯಿಂದ ಬರುತ್ತಿತ್ತು. ಕನ್ನಡಿಗೆ ಬಲೂನು ಕಟ್ಟಿತ್ತು. ಚಾಲಕ ನಿಲ್ಲಿಸಿದ, ಇಳಿದ, ನೋಡಿದ, ಟೋಪಿ ತೆಗೆದ. ಅವತ್ತು ತಾಯಿ ಫೋನಿನವರ ಹಬ್ಬವಂತೆ. ಹಣ ಕೊಟ್ಟ ಹೊರದೇಶದ ಅತಿಥಿಗಳು ಬಂದಿದ್ದರಂತೆ. ಅವರಿಗೆ ತೋರಿಸಲು ಸುತ್ತಲಿನ ಆಸ್ಪತ್ರೆಗಳ ಗಾಡಿಗಳನ್ನೆಲ್ಲ ತೊಳೆದು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದರಂತೆ.

"ನಂಗೆ ಸುದ್ದೀನೇ ಬಂದಿಲ್ಲ ತಾಯಿ," ಎಂದ ಚಾಲಕ. ತನ್ನ ಫೋನನ್ನು ತೆಗೆದು ತೋರಿಸಿದ. "ನೋಡಿ, ಏನೂ ಬಂದಿಲ್ಲ. ಬಂದಿದ್ರೆ ಮೈದಾನದಿಂದ ಗಾಡಿ ಕದ್ದಾದ್ರೂ ಬರ್ತಿದ್ದೆ."

ಅವನು ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಿತ್ತು. ಆ ದಿನದ ಸಂಕಟವೇ ಅದು. ಎನೆಲೇಸಿಗೆ ಕೊರಳಪಟ್ಟಿ ಹಿಡಿದು ಕೇಳಲು ಎದುರಿಗೆ ಒಬ್ಬನೂ ಇರಲಿಲ್ಲ.

ಚಟ್ಟ ಹೋದ ದಾರಿಯಲ್ಲೇ ವಾಪಸು ಬಂತು, ಈ ಸಲ ನಿಧಾನವಾಗಿ. ಸಂಡ್ರಾಮುವಿನ ಮನೆಯವರು ಚಟ್ಟ ಒಯ್ದದ್ದಕ್ಕೆ ಸಿಟ್ಟಾಗಲಿಲ್ಲ. ಮುದುಕ ಇನ್ನೊಂದು ದಿನ ಕಾಯಲಿ, ಹುಡುಗಿಯನ್ನು ಮೊದಲು ಕಳಿಸೋಣ ಎಂದರು. ಅವನಿಗಾಗಿ ತೋಡಿದ್ದ ಗುಂಡಿಯಲ್ಲಿ ತಿಸುಂಗಾನೆಯನ್ನೂ, ಹೊರಗೆ ಬಾರದ ಮಗುವನ್ನೂ ಇಟ್ಟರು. ಹುಡುಗಿಗೆ ಗುಂಡಿ ಉದ್ದವಾಯಿತು. ಬಿಲಿಯಾತಿ ಕೆಳಗಿಳಿದು ಅವಳ ತಲೆಯ ಹತ್ತಿರ ಮಣ್ಣು ತುಂಬಿ ಸರಿಮಾಡಿದ. ಲಾಕ್ಸೋನಿ ಸುಟ್ಟ ಕಬ್ಬಿನ ಗದ್ದೆಯ ಮಸಿ ಮೆತ್ತಿದ ಮೈಯಲ್ಲೇ ಬಂದು ಗುಂಡಿಯ ಅಂಚಿನಲ್ಲಿ ಕೂತಿದ್ದ. ಮಾವಿನ ಹಣ್ಣು ತಂದಿದ್ದ, ಹೆಂಡತಿ ಕೇಳಿದ್ದಳಂತೆ. ಅದನ್ನು ಯಾರ ಕೈಗೆ ಕೊಡುವುದೆಂದು ಅವನಿಗೆ ತಿಳಿಯಲಿಲ್ಲ.

ಮಳೆ ಬಿದ್ದು ಗೋರಿಯ ಮಣ್ಣು ಕೂತ ಮೇಲೆ ತಾಯಿ ಫೋನಿನ ಜೀಪು ಬಂತು. ಅದರಿಂದ ಇಳಿದವನ ಹೆಸರು ನಮಕ್ವಾ. ಅವನೂ ಆ ಸೀಮೆಯವನೇ, ಪೇಟೆಯಲ್ಲಿ ಓದಿ ಅಧಿಕಾರಿಯಾದವನು. ಸಾವಿನ ಮನೆಗೆ ಬಂದವರು ಮೊದಲು ನೆಲದ ಮೇಲೆ ಕೂತು ಮನೆಯವರಿಗೆ ಸಮಾಧಾನ ಹೇಳಬೇಕು, ಆಮೇಲೆ ಮಾತು. ನಮಕ್ವಾ ಕುರ್ಚಿ ಕೇಳಿದ. ಮುಖಂಡನೇ ತಂದು ಕೊಟ್ಟ. ಊರು ಸೇರಿತು.

"ಎನೆಲೇಸಿಯವರೇ, ನಿಮ್ಮ ಫೋನಲ್ಲಿ ಈ ಕೇಸು ಇನ್ನೂ ತೆರೆದೇ ಇದೆ," ಎಂದ ನಮಕ್ವಾ. "ಮುಚ್ಚಬೇಕು. ತಡ ಯಾಕಾಯ್ತು ಅಂತ ಒಂದು ಕಾರಣ ಒತ್ಬೇಕು ಅಷ್ಟೆ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಎನೆಲೇಸಿ ಓದಿದಳು. ಮನೆಯವರು ತಡ ಮಾಡಿದರು. ನಾಟಿ ಮದ್ದು ಮಾಡಿದರು. ಊರಿನ ಕಟ್ಟಳೆ ಅಡ್ಡ ಬಂತು. ತಾಯಿ ಒಪ್ಪಲಿಲ್ಲ. ಅಲ್ಲಿಗೆ ಮುಗಿದಿತ್ತು.

"ಗಾಡಿ ಬರಲಿಲ್ಲ ಅನ್ನೋದು ಎಲ್ಲಿದೆ?"

"ಅದು ಇದರಲ್ಲಿ ಇಲ್ಲ. ಇದು ಊರ ಕಡೆಯ ಕಾರಣಗಳಿಗೆ ಮಾತ್ರ."

"ಊರ ಕಡೆ ಕಾರಣ ಇಲ್ಲವಲ್ಲ."

ನಮಕ್ವಾ ತಾಳ್ಮೆಯಿಂದಲೇ ನಕ್ಕ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ನೋಡಿ ಅಮ್ಮ, ಅವತ್ತು ಊರಲ್ಲಿ ಹೆಣ ಇತ್ತು. ಗೋರಿಗುಡ್ಡಕ್ಕೆ ಹತ್ತೋ ಹಾಗಿರಲಿಲ್ಲ. ಗುಂಡಿ ತೋಡೋರು ತಡೆದ್ರು. ಅದಕ್ಕೆ ಸುದ್ದಿ ತಡವಾಗಿ ಬಂತು. ಮೂರನೇದನ್ನ ಒತ್ತಿ. ಕಟ್ಟಳೆಯಿಂದ ಒಬ್ಬ ತಾಯಿ ಸತ್ಲು ಅಂತ ನಾನು ವರದಿ ಕಳಿಸಿದ್ರೆ, ಗುಡ್ಡದ ಹಂಗು ಬೇಡ ಅಂತ ಊರ ಮಧ್ಯೆ ಟವರು ಕೊಡ್ತಾರೆ. ನಾನು ಮಾತಾಡಿದ್ದೀನಿ. ನಿಮ್ಮ ಮಗಳು ಹೋದ್ಲು, ಸರಿ. ಮುಂದಿನೋರನ್ನ ಯೋಚನೆ ಮಾಡಿ."

ಊರು ಎನೆಲೇಸಿಯನ್ನು ನೋಡಿತು. ಮೂಲೆಯಲ್ಲಿ ಇಬ್ಬರು ಬಸುರಿಯರು ಕೂತಿದ್ದರು. ಅವರೂ ನೋಡಿದರು. ಮುಖಂಡ ಕೆಮ್ಮಿದ. "ಒತ್ತಮ್ಮ, ಒಂದು ಬೆರಳು ತಾನೆ," ಎಂದ.

ಗುಂಪಿನ ಹಿಂದಿನಿಂದ ಬಿಲಿಯಾತಿ ಎದ್ದು ನಿಂತ. "ಒತ್ತವ್ವ," ಎಂದ. ದನಿಯಲ್ಲಿ ಗೇಲಿ ಇರಲಿಲ್ಲ. "ನಮ್ಮ ಮೇಲೇ ಬರ್ಕೊಳ್ಳಲಿ. ನಾವು ತಡೆದ್ವಿ ಅನ್ನಲಿ. ಟವರು ಬರುತ್ತಂತಲ್ಲ. ಗುಂಡಿ ತೋಡೋರಿಗೆ ಒಳ್ಳೆ ಹೆಸರಿಂದ ಏನಾಗಬೇಕು?"

ಎನೆಲೇಸಿಗೆ ಎದೆ ಒಡೆದದ್ದು ಆಗಲೇ. ಹುಡುಗಿಯ ಕೈ ಸಡಿಲವಾದಾಗ ಕೂಡ ಅವಳು ತಡೆದುಕೊಂಡಿದ್ದಳು. ಈಗ ಆಗಲಿಲ್ಲ. ತನ್ನ ಅಜ್ಜನ ಕಟ್ಟಳೆಯನ್ನು ಒಂದು ಹೆಣ್ಣಿಗಾಗಿ ಮಣ್ಣುಪಾಲು ಮಾಡಿದವನು, ಚಟ್ಟ ಹೊತ್ತು ಓಡಿ ಹೆಗಲ ಚರ್ಮ ಕಿತ್ತುಕೊಂಡವನು, ಅವಳನ್ನು ಕೊಂದವನು ನಾನೇ ಎಂದು ಬರೆಸಿಕೊಳ್ಳಲು ತಯಾರಾಗಿ ನಿಂತಿದ್ದ.

"ಒತ್ತಲ್ಲ," ಎಂದಳು.

"ಅಮ್ಮ, ಟವರು..."

"ಕೇಳಿಸಿತು. ಟವರು ಬರುತ್ತೆ. ಟವರು ಬಂದ್ರೆ ಏನಾಗುತ್ತೆ? ಗುಡ್ಡದ ಮೇಲೆ ಬಂದ ಸುಳ್ಳು ಮನೆ ಬಾಗಿಲಿಗೆ ಬರುತ್ತೆ. ನಾನು ಏನೂ ಬರೀದೆ ಕಳಿಸಿದೆ ಸ್ವಾಮಿ. ಖಾಲಿ. ಅದಕ್ಕೂ ವಾಹನ ಹೊರಟಿದೆ ಅಂತು ನಿಮ್ಮ ಫೋನು. ಹೊರಟಿದ್ದು ಎಲ್ಲಿಗೆ? ಬಲೂನು ಕಟ್ಟಿಸ್ಕೊಳ್ಳೋಕೆ. ನಮ್ಮ ಸೈಕಲ್ ಮಂಚ ಕಿತ್ಕೊಂಡು ಹೋದ್ರಿ. ಅಲುಗಾಡಿಸಬೇಡಿ ಅಂದ್ರಿ. ನಾನು ಅಲುಗಾಡಿಸಲಿಲ್ಲ. ನನ್ನ ಮಗಳ ರಕ್ತ ನೆಲಕ್ಕೆ ಹಿಂಡ್ತಾ ಕೂತೆ, ನೀವು ಹೇಳಿದ್ರಿ ಅಂತ. ಈ ಗಂಡಸರು ತಡೀಲಿಲ್ಲ. ತಡೆದಿದ್ದು ನೀವು. ಅದನ್ನ ಬರ್ಕೊಳ್ಳೋ ಜಾಗ ಮಾಡ್ಕೊಂಡು ಬನ್ನಿ, ಆಮೇಲೆ ಒತ್ತೀನಿ."

ನಮಕ್ವಾ ಕುರ್ಚಿಯಿಂದ ಎದ್ದ. ಹಾಗಾದರೆ ಫೋನು ವಾಪಸು ಕೊಡಿ, ಬೇರೆಯವರಿಗೆ ಕೊಡುತ್ತೇನೆ, ಕೇಸನ್ನು ನಾನೇ ಮುಚ್ಚುತ್ತೇನೆ ಎಂದ. ಕೊಟ್ಟಳು. ಅವನು ಮೂರನೆಯ ಕಾರಣವನ್ನು ತಾನೇ ಒತ್ತಿದ. ಅದು ಹೋಗಲಿಲ್ಲ. ಸಿಗ್ನಲ್ಲಿಲ್ಲ.

"ಗುಡ್ಡ ಹತ್ಬೇಕು," ಎಂದ ಬಿಲಿಯಾತಿ. "ಚಪ್ಪಲಿ ಬಿಟ್ಟು."

ನಮಕ್ವಾ ಆ ಸೀಮೆಯವನೇ ತಾನೆ, ಬೂಟು ಬಿಚ್ಚಿದ. ಬಿಲಿಯಾತಿ ಮುಂದೆ ನಡೆದ. ಎನೆಲೇಸಿ ತಲೆಗೆ ಬಟ್ಟೆ ಹಾಕಿಕೊಂಡು ಹಿಂದೆ ನಡೆದಳು. ಊರು ಬುಡದಲ್ಲಿ ನಿಂತಿತು. ಮೊದಲ ಮರದ ಹತ್ತಿರ ಬಂದದ್ದೇ ಗೆರೆ ಮೂಡಿತು. ಅವನು ಒತ್ತಿದ್ದು ಹೋಗುವ ಮೊದಲು, ಇಷ್ಟು ದಿನ ಮೇಲೆ ತಂಗಿದ್ದ ಸಂದೇಶಗಳು ಒಂದರ ಹಿಂದೆ ಒಂದು ಬಂದು ಬಿದ್ದವು. ಫೋನು ಅವನ ಕೈಯಲ್ಲಿ ಗುಂಯ್ಗುಟ್ಟಿತು. ಹೆಸರು ಬರೆಸಿದ ಬಸುರಿಯರಿಗೆ, ಬಾಣಂತಿಯರಿಗೆ ತಾಯಿ ಫೋನು ಬುದ್ಧಿಮಾತು ಕಳಿಸುತ್ತಿತ್ತು. ಅದನ್ನು ಅವರವರ ಮನೆಗೆ ಹೋಗಿ ಓದಿ ಹೇಳುವುದು ಎನೆಲೇಸಿಯ ಕೆಲಸವಾಗಿತ್ತು.

ನಮಕ್ವಾ ಪರದೆ ನೋಡಿದ. ಬೇಗ ಬೇಗ ಅಳಿಸಲು ಹೋದ.

"ಯಾರ ಹೆಸರಿಗೆ ಬಂದಿದೆ?" ಎಂದಳು ಎನೆಲೇಸಿ.

ಅವಳೇ ಬಗ್ಗಿ ನೋಡಿದಳು.

"ಅಳಿಸ್ಬೇಡ. ಅದು ಅವಳಿಗೆ ಬಂದಿದ್ದು. ನೀವೇ ಕಳಿಸಿದ್ದು. ಅವಳು ಇಲ್ಲೇ ಇದ್ದಾಳೆ. ಇಷ್ಟು ದಿನ ನಾನು ಓದಿ ಹೇಳ್ತಿದ್ದೆ, ಇವತ್ತು ನೀನು ಓದು."

ಅವನು ಬಿಲಿಯಾತಿಯ ಕಡೆ ನೋಡಿದ. ಬಿಲಿಯಾತಿ ಪಕ್ಕಕ್ಕೆ ಸರಿದು ಹೊಸ ಗೋರಿಯ ದಾರಿಯನ್ನು ಕೈಯಲ್ಲಿ ತೋರಿಸಿದ. "ಹೆಣದ ಜೊತೆ ಕೆಲಸ ಇರೋರು ಮರ ದಾಟಬಹುದು. ನಿಂಗೆ ಕೆಲಸ ಇದೆ."

ನಮಕ್ವಾ ಬರಿಗಾಲಿನಲ್ಲಿ ಹೋಗಿ ಗೋರಿಯ ಪಕ್ಕ ನಿಂತ. ತುಟಿಯೊಳಗೇ ಓದಿದ. "ಪ್ರೀತಿಯ ತಿಸುಂಗಾನೆ, ಅಭಿನಂದನೆಗಳು. ನಿಮ್ಮ ಮಗು ಈಗ ನಿಮ್ಮ ಮುಖದ ಗುರುತು ಹಿಡಿಯುತ್ತದೆ. ಅದನ್ನು ನೋಡಿ ನಗಿ, ಅದರ ಜೊತೆ..." ಅಲ್ಲಿಗೆ ನಿಲ್ಲಿಸಿದ. ಮತ್ತೆ ಶುರುಮಾಡಲು ಆಗಲಿಲ್ಲ.

ಎನೆಲೇಸಿ ಗೋರಿಯ ಕಾಲ ಬಳಿ ನೆಲಕ್ಕೆ ಕೂತಿದ್ದಳು. ಅವಳು ಅವನ ಮುಖ ನೋಡುತ್ತಿರಲಿಲ್ಲ.

"ಮೊದಲಿಂದ ಓದು ಸ್ವಾಮಿ," ಎಂದ ಬಿಲಿಯಾತಿ. "ಸ್ವಲ್ಪ ಜೋರಾಗಿ. ನಾವು ಮಣ್ಣು ಚೆನ್ನಾಗಿ ತುಳಿದಿದ್ದೀವಿ."